ಒಂದು ಪಾಲು ಶೆಟ್ಲಿ, ಒಂದು ಹಿಡಿ ಕೊಸರು

“ಶೆಟ್ಲೀ... ಬೇಕ್ರಾ ಶೆಟ್ಲೀ!”

ಮೊನ್ನೆ ಅಂಗಡಿಯವನು ಎಲೆಕ್ಟ್ರಾನಿಕ್ ತಕ್ಕಡಿಯಿಂದ ಒಂದೇ ಒಂದು ಸಿಗಡಿ ಹೆಕ್ಕಿ ವಾಪಸ್ ಹಾಕಿಕೊಂಡಾಗ ಈ ಕೂಗು ಕಿವಿಯಲ್ಲಿ ಎದ್ದಿತು. ಮೂವತ್ತರ ದಶಕದ ಅಂಕೋಲೆ. ಕೂಗುತ್ತಿದ್ದವಳು ಪಕ್ಕದ ಕೇಣಿ ಊರಿನ ನಾಗಮ್ಮ.

ಶೆಟ್ಲಿ ಅಂದರೆ ಸಿಗಡಿ. ಪಾಲು ಅಂದರೆ ಗುಡ್ಡೆ. ಪಾಲಿಗೆ ಒಂದು ರಾತಲು, ಈಗಿನ ಅರ್ಧ ಕಿಲೋ ಹತ್ತಿರ, ಅಂತ ರೂಢಿ. ಅದು ಕಡಿಮೆ ಬರುತ್ತಿದೆ ಅಂತ ಅಜ್ಜಿಗೆ ಗುಮಾನಿ. “ಮೋಸ ಅಂತಾದ್ರೆ ನನ್ನ ಅಂಗಳ ಮೆಟ್ಟೂದು ಬೇಡ!” ನಮ್ಮ ಮನೆ ತಪ್ಪಿದರೆ ನಾಗಮ್ಮನಿಗೆ ಇಡೀ ಕೇರಿಯೇ ತಪ್ಪಿದಂತೆ.

ಆಗ ಮುಂಬಯಿ ಕಾಲೇಜಿನಿಂದ ರಜೆಗೆ ಬಂದವನು ಅಜ್ಜಿಯ ಮಗ, ವಾಸುಮಾಮ. ತಲೆ ತುಂಬ ಸ್ಟ್ಯಾಟಿಸ್ಟಿಕ್ಸ್!

“ಒಂದು ದಿನ ಕಡಿಮೆ ಬಂದ್ರೆ ಆಕಸ್ಮಿಕ, ಆಯಿ. ಆವರೇಜೇ ಕಡಿಮೆ ಆದ್ರೆ ಮೋಸ. ಮೊದಲು ಅವಳು ಸಾಚಾ ಅಂತ್ಲೇ ಇಟ್ಕೊಳ್ಳೂದು. ಅದು ಹೈಪಾಥಿಸಿಸ್. ತೂಕವೇ ಅದನ್ನ ಸುಳ್ಳು ಮಾಡ್ಬೇಕು.”

(ಸೊಸೆಯಂದಿರಿಗೂ ಈ ಸೌಲಭ್ಯ ಇರಬಾರದಿತ್ತೇ?)

ದಿನಾ ಪಾಲು ತೂಗಿದ. ಆವರೇಜ್ ಕಡಿಮೆಯೇ ಬಂತು, ಆಕಸ್ಮಿಕ ಅನ್ನಲಾರದಷ್ಟು. “ಸಾಚಾ ಅನ್ನೂದು ರಿಜೆಕ್ಟೆಡ್!” ಅಂದ. ನಾಗಮ್ಮ ಬುಟ್ಟಿ ಇಳಿಸದೆ ಅಂಗಳದಲ್ಲೇ ನಿಂತಳು.

ಅಜ್ಜಿ ಹಿಗ್ಗಬೇಕಿತ್ತು. ಹುಬ್ಬು ಗಂಟಿಕ್ಕಿದಳು. “ಕೊಸರೂ ಸೇರ್ಸಿ ತೂಗ್ದ್ಯನಾ?”

“ಅದು ಮೇಲಿಂದ ಪುಕ್ಕಟೆ ಹಾಕಿದ್ದಲ್ವಾ? ಅದನ್ನ ಬಿಟ್ಟೇ ತೂಗಿದೆ.”

“ಪುಕ್ಕಟೆಯಾ? ದಿನಾ ಗಂಟ್ಲು ಹರ್ಕಂಡು ವಸೂಲಿ ಮಾಡ್ದವಳು ನಾನು!”

“ಹೌದ್ರಾ ಅಮ್ಮಾ,” ನಾಗಮ್ಮ ಸೆರಗಲ್ಲಿ ನಗು ಮುಚ್ಚಿದಳು, “ನಿಮ್ಮ ಬಾಯಿಗೆ ಹೆದ್ರಿಯೇ ಪಾಲು ಮಾಡೂವಾಗ್ಲೇ ಅದ್ರಿಂದ ಒಂದು ಹಿಡಿ ಕೊಸರಿಗೆ ಬದಿಗಿಡ್ತೆ.”

ಮತ್ತೆ ಅಷ್ಟೇ ದಿನ ತೂಗಾಟ, ಈ ಸಲ ಕೊಸರು ಸಮೇತ. ರಾತಲಿನ ಆಸುಪಾಸಿಗೇ ಬಂತು.

“ಮೋಸ ಇಲ್ಲ ಅಂತ ಅಲ್ಲ, ಆಯಿ. ಇದೆ ಅನ್ನೂಕೆ ಪುರಾವೆ ಸಾಲ್ದು, ಅಷ್ಟೇ.”

“ಇದನ್ನ ಹೇಳೂಕೆ ಮುಂಬಯಿಗೆ ಹೋಗ್ಬೇಕಿತ್ತಾ? ಕೂತ್ಕಂಡು ಶೆಟ್ಲಿ ಸುಲಿ. ನಾಗಮ್ಮಾ, ಬುಟ್ಟಿ ಇಳ್ಸೇ!”

ನಾಗಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ಮದುವೆಯಾಗಿ ಊರು ಬಿಟ್ಟ ದಿನ. ಕಾರವಾರದ ಮೋಟಾರು ಹತ್ತುತ್ತಿದ್ದೆ. ಓಡಿಬಂದು, ಎಲೆಯಲ್ಲಿ ಕಟ್ಟಿದ ಒಣ ಶೆಟ್ಲಿ ನನ್ನ ಮಡಿಲಿಗೆ ಹಾಕಿದಳು. “ಕೊಸರು, ತಂಗೀ.”

ಪಾಲೇ ಕೊಳ್ಳದವಳಿಗೆ ಕೊಸರು! ವಾಸುಮಾಮ ಇದನ್ನು ಯಾವ ಆವರೇಜಿಗೆ ಸೇರಿಸುತ್ತಿದ್ದ?