ಬಲಜೇಬಿನ ಚಾಕು

ನನ್ನ ಪ್ಯಾಂಟುಗಳೆಲ್ಲ ಬಲಜೇಬಿನಲ್ಲೇ ಮೊದಲು ತೂತಾಗುತ್ತವೆ. ಎಡಜೇಬು ವರ್ಷಾನುಗಟ್ಟಲೆ ನವಯೌವನದಲ್ಲೇ ಇದ್ದು, ಬಲಜೇಬು ಮಾತ್ರ ಆರೇ ತಿಂಗಳಿಗೆ ವೃದ್ಧಾಪ್ಯಕ್ಕೆ ಸಂದುಬಿಡುವ ಈ ಅಸಮತೋಲನದ ಮೂಲವನ್ನು ಮೂಡಿಗೆರೆಯ ನಮ್ಮ ದರ್ಜಿ ಬಹಳ ಹಿಂದೆಯೇ ಪತ್ತೆಹಚ್ಚಿದ್ದಾನೆ. ಈಗ ನಾನು ಹೇಳದೆಯೇ ಬಲಗಡೆಗೆ ಎರಡು ಪದರ ಬಟ್ಟೆ ಕೊಟ್ಟು ಹೊಲಿಯುತ್ತಾನೆ. ಕಾರಣ ಇಷ್ಟೆ, ಬೆರಳುದ್ದದ ಒಂದು ಮಡಚುವ ಚಾಕು ಆ ಜೇಬಿನಲ್ಲಿ ಮೂವತ್ತು ವರ್ಷಗಳಿಂದ ಬಾಡಿಗೆಯಿಲ್ಲದೆ ವಾಸವಾಗಿದೆ.

ನಾನು ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ ಇಪ್ಪತ್ತು ಎಕರೆ ಕಾಫಿ ಬೆಳೆಯುವವನು. ಪ್ಲಾಂಟರ್ ಎಂದು ಕರೆಸಿಕೊಳ್ಳುವಷ್ಟು ದೊಡ್ಡವನಲ್ಲ, ಯಾರಾದರೂ ಹಾಗೆ ಕರೆದರೆ ಬೇಡ ಎನ್ನುವಷ್ಟು ವಿನಯವಂತನೂ ಅಲ್ಲ. ನಮ್ಮ ಕಡೆ ತೋಟಕ್ಕೆ ಇಳಿಯುವವನ ಜೇಬಿನಲ್ಲಿ ಚಾಕು ಇರುವುದು ಅಂಗಿಗೆ ಗುಂಡಿ ಇರುವಷ್ಟೇ ಸಹಜ. ಕಾಫಿ ಗಿಡದ ಬುಡದಲ್ಲಿ ಏಳುವ ಬೇಡದ ಚಿಗುರು ತೆಗೆಯಲು, ಬೋರರ್ ಹುಳು ಹೊಕ್ಕಿದೆಯೋ ಎಂದು ಕಾಂಡದ ತೊಗಟೆ ಕೆರೆದು ನೋಡಲು, ಮೆಣಸಿನ ಬಳ್ಳಿಯನ್ನು ನೆರಳಿಗೆ ಬೆಳೆಸಿದ ಸಿಲ್ವರ್ ಮರಕ್ಕೆ ಬಿಗಿದ ಮೇಲೆ ಹಗ್ಗದ ತುದಿ ಕತ್ತರಿಸಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಇಷ್ಟೆಲ್ಲ ಮುಗಿದ ಮೇಲೆ ನೆರಳಲ್ಲಿ ಕೂತು ಒಂದು ಕಿತ್ತಳೆ ಸುಲಿಯಲು ಅದು ಬೇಕು. ಕಿತ್ತಳೆ ಸುಲಿಯಲು ಚಾಕು ಯಾಕೆ ಎಂದು ನೀವು ಕೇಳಬಹುದು. ಬೇಡ, ನಿಜ, ಆದರೆ ಇದೆಯಲ್ಲ.

ನಮ್ಮ ಅಜ್ಜನ ಕಾಲದವರು ಸೊಂಟದ ಹಿಂದೆ ಮೊಳದುದ್ದದ ಕತ್ತಿ ಸಿಕ್ಕಿಸಿಕೊಂಡೇ ಕಳಸದ ಪೇಟೆ ಸುತ್ತಿ, ಹಾಗೆಯೇ ನೆಂಟರ ಮನೆಗೆ ಹೋಗಿ, ಹಾಗೆಯೇ ಎಲೆಯ ಮುಂದೆ ಊಟಕ್ಕೂ ಕೂರುತ್ತಿದ್ದರಂತೆ. ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆ ಕತ್ತಿ ಕುಗ್ಗಿ ಕುಗ್ಗಿ ನನ್ನ ಕಾಲಕ್ಕೆ ಬೆರಳುದ್ದವಾಗಿದೆ, ಹುಬ್ಬುಗಳು ಮಾತ್ರ ಏರುತ್ತಲೇ ಇವೆ. ಮದುವೆಮನೆಗೆ ಹೊರಟಾಗಲೆಲ್ಲ ನನ್ನ ಹೆಂಡತಿ ನನ್ನ ಬಲಜೇಬನ್ನು ಹೊರಗಿನಿಂದ ತಟ್ಟಿ ನೋಡಿ, "ಊಟಕ್ಕೆ ಹೋಗ್ತಿರೋದೋ ಹೊಡೆದಾಟಕ್ಕೋ?" ಎಂದು ವಿಚಾರಿಸುತ್ತಾಳೆ; ಅದೇ ಮದುವೆಮನೆಯಲ್ಲಿ ಯಾವುದೋ ಕಟ್ಟಿನ ದಾರ ಬಿಚ್ಚಲಾಗದೆ ನಾಲ್ಕು ಜನ ಪರದಾಡುವಾಗ, "ಇವ್ರ ಹತ್ರ ಇರ್ತದೆ" ಎಂದು ಹೆಮ್ಮೆಯಿಂದ ಘೋಷಿಸುವವಳೂ ಅವಳೇ. ಚಿಕ್ಕಮಗಳೂರಿನ ಒಂದು ಕಚೇರಿಯ ಬಾಗಿಲಲ್ಲಿ ಕಾವಲಿನವನು ಅದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡೇ ಬೆರಳಲ್ಲಿ ಎತ್ತಿ ಮೇಜಿನ ಮೇಲಿಟ್ಟ; ನಾನು ಹಿಂದಿರುಗಿದಾಗ, "ಚೆನ್ನಾಗಿದೆ ಸರ್, ಎಲ್ಲಿ ಸಿಗುತ್ತೆ?" ಎಂದು ಕೇಳಿದ. ಪಕ್ಕದ ತೋಟದ ಹೋಮ್‌ಸ್ಟೇಗೆ ಬಂದಿದ್ದ ಒಂದು ಸಂಸಾರಕ್ಕೆ ನಾನೊಮ್ಮೆ ಚಕ್ಕೋತ ಹಣ್ಣು ಕೊಯ್ದು ಕೊಡಲು ಹೋದೆ. ಚಾಕು ಟಕ್ಕೆಂದು ಬಿಚ್ಚಿಕೊಂಡ ಕ್ಷಣವೇ ಆ ತಾಯಿ ಮಗುವನ್ನು ತಮ್ಮ ಕಡೆ ಎಳೆದುಕೊಂಡರು. ಹಣ್ಣನ್ನು ಎಲ್ಲರೂ ತಿಂದರು, ಆದರೆ ನಾನು ಚಾಕು ಮಡಚಿ ಒಳಗೆ ಹಾಕಿದ ಮೇಲೆಯೇ.

ಇಂಥ ಅನುಭವಗಳನ್ನೆಲ್ಲ ಪೇರಿಸಿ ನಾನೊಂದು ಸಿದ್ಧಾಂತ ಕಟ್ಟಿಕೊಂಡಿದ್ದೆ. ಚಾಕು ಅಡುಗೆಮನೆಯೊಳಗೆ ಇದ್ದರೆ ಪಾತ್ರೆಪಗಡೆಗಳ ಪೈಕಿ, ಜೇಬಿಗೆ ಬಂದರೆ ಆಯುಧಗಳ ಪೈಕಿ; ಪೇಟೆಯ ಜನರ ಈ ಭಯಕ್ಕೆ ಚಾಕು ಹಿಡಿದವನ ಮುಖ, ಬಟ್ಟೆ, ಕುಲಗೋತ್ರ ಯಾವುದೂ ಮುಖ್ಯವಲ್ಲ, ಸರ್ವರನ್ನೂ ಸಮಾನವಾಗಿ ಕಾಣುವ ಅಪ್ಪಟ ನಿಷ್ಪಕ್ಷಪಾತ ಭಯ ಅದು ಎಂಬುದು ಅದರ ಸಾರಾಂಶ. ಮೂಡಿಗೆರೆಯ ಹೋಟೆಲುಗಳಲ್ಲಿ ಕೂತು ಇದನ್ನು ಹಲವರಿಗೆ ಉಪದೇಶಿಸಿದ್ದೇನೆ. ಕೇಳಿಸಿಕೊಂಡವರಲ್ಲಿ ನೀವೂ ಇದ್ದರೆ ದಯವಿಟ್ಟು ಮರೆತುಬಿಡಿ, ಯಾಕೆಂದರೆ ಕಳೆದ ಬೇಸಿಗೆಯಲ್ಲಿ ಒಂದು ಸೇತುವೆಯ ಬಳಿ ಆ ಸಿದ್ಧಾಂತ ಕಾಲು ಗಂಟೆಯೊಳಗೆ ಪುಡಿಯಾಯಿತು, ಅದರ ಜೊತೆಗೆ ನನ್ನ ಬಗ್ಗೆ ನನಗಿದ್ದ ಒಳ್ಳೆಯ ಅಭಿಪ್ರಾಯವೂ.

ನಮ್ಮ ಮೇಸ್ತ್ರಿ ಶೇಷಪ್ಪನ ವಿಷಯ ಹೇಳಬೇಕು. ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ತೋಟದ ಆಳುಗಳ ಕೆಲಸವನ್ನೆಲ್ಲ ನೋಡಿಕೊಳ್ಳುವವನು. ಗಿಡಗಳ ಬಗ್ಗೆ ನನಗಿರುವ ಸರಿಯಾದ ತಿಳಿವಳಿಕೆಯೆಲ್ಲ ಅವನಿಂದ ಬಂದದ್ದು, ತಪ್ಪು ತಿಳಿವಳಿಕೆ ಪುಸ್ತಕಗಳಿಂದ ಬಂದದ್ದು. ಅವನ ಜೇಬಿನಲ್ಲೂ ನನ್ನದರಂಥದೇ ಚಾಕು ಇತ್ತು. ಕಳಸದ ಒಬ್ಬ ಕಮ್ಮಾರನಿಂದ ಒಂದೇ ದಿನ ಮಾಡಿಸಿದ ಜೋಡಿ ಅವು, ಎರಡಕ್ಕೂ ಬೀಟೆ ಮರದ ಹಿಡಿ, ಹಿತ್ತಾಳೆಯ ಮೊಳೆ.

ಚುನಾವಣೆ ಘೋಷಣೆಯಾಗಿ ರಸ್ತೆ ರಸ್ತೆಗಳಲ್ಲಿ ತಪಾಸಣೆ ನಡೆಯುತ್ತಿದ್ದ ದಿನಗಳು. ಕಾಫಿ ಹೂವಿಗೆ ನೀರು ಹಾಯಿಸುವ ಹೊತ್ತಿಗೆ ಸರಿಯಾಗಿ ಪಂಪ್‌ಸೆಟ್ಟು ಕೈಕೊಟ್ಟಿತ್ತು. ಅದರ ಬಿಡಿಭಾಗ ತರಲು ನಾನೂ ಶೇಷಪ್ಪನೂ ಬೆಳಿಗ್ಗೆ ಹತ್ತರ ಸುಮಾರಿಗೆ ಜೀಪಿನಲ್ಲಿ ಮೂಡಿಗೆರೆಗೆ ಹೊರಟೆವು. ಸೇತುವೆಯ ಈಚೆ ಶಾಮಿಯಾನ ಹಾಕಿಕೊಂಡು ಪೊಲೀಸರು ನಿಂತಿದ್ದರು, ಬಯಲುಸೀಮೆಯಿಂದ ಚುನಾವಣೆ ಕೆಲಸಕ್ಕೆಂದು ಬಂದವರು. ಒಬ್ಬ ಪೇದೆ ಬಗ್ಗಿ ನೋಡಿ ನನಗೆ, "ನೀವು ಕೂತಿರಿ ಸಾರ್" ಎಂದ. ಶೇಷಪ್ಪನಿಗೆ, "ಏಯ್, ಇಳಿಯೋ" ಎಂದ. ನನಗೆ ಆಗಲೇ ಏನಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಪೇದೆ ಅವನ ಜೇಬು ತಡವಿ, ಏನಿದು ಎಂದ. "ಚಾಕು ಸಾರ್, ತೋಟದ ಕೆಲ್ಸದ್ದು." "ಕೊಡಿಲ್ಲಿ." ಶೇಷಪ್ಪ ಚಾಕು ಹೊರತೆಗೆದ, ಬಗ್ಗಿದ, ಪೇದೆಯ ಬೂಟಿನ ಮುಂದೆ ಟಾರು ರಸ್ತೆಯ ಮೇಲೆ ಅದನ್ನಿಟ್ಟು ಹಿಂದೆ ಸರಿದು ನಿಂತ.

ಚಾಕು ಕತ್ತಿಗಳನ್ನು ನಮ್ಮ ಕಡೆ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳವಾಗುತ್ತದೆಂದು ನಂಬಿಕೆ. ಒಬ್ಬ ಕೆಳಗಿಡಬೇಕು, ಇನ್ನೊಬ್ಬ ಎತ್ತಿಕೊಳ್ಳಬೇಕು. ಮೂವತ್ತು ವರ್ಷದಲ್ಲಿ ಶೇಷಪ್ಪನಾಗಲಿ ನಾನಾಗಲಿ ಇದನ್ನು ಒಮ್ಮೆಯೂ ಮೀರಿದವರಲ್ಲ. ಪೊಲೀಸರ ಜೊತೆ ಜಗಳ ಬೇಡವೆಂದೇ ಅವನು ಅಷ್ಟು ಮರ್ಯಾದೆಯಿಂದ ನೆಲಕ್ಕಿಟ್ಟದ್ದು. ಈ ನಂಬಿಕೆ ಆ ಪೇದೆಯ ಊರಿನಲ್ಲಿ ಇರಲಿಲ್ಲವೋ, ಇದ್ದೂ ಸಮವಸ್ತ್ರ ತೊಟ್ಟ ಮೇಲೆ ಮರೆತುಹೋಗಿತ್ತೋ ತಿಳಿಯದು. "ನನ್ನ ಕಾಲ ಬುಡಕ್ಕೆ ಬಿಸಾಕ್ತೀಯಾ? ನಾನು ಬಗ್ಗಿ ಎತ್ಕೋಬೇಕಾ ನಿಂಗೆ?" ಎಂದು ಅವನು ದನಿಯೇರಿಸಿದ್ದು ಕೇಳಿ ಶಾಮಿಯಾನದೊಳಗಿಂದ ಸಬ್ ಇನ್ಸ್‌ಪೆಕ್ಟರ್ ಎದ್ದು ಬಂದರು. ಚಿಕ್ಕ ವಯಸ್ಸಿನವರು, ಕೂಗಾಡುವವರಲ್ಲ. ನನಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಚಾಕುವನ್ನು ಎತ್ತಿಸಿ, ಬಿಚ್ಚಿ, ಅಲಗಿನ ಮೇಲೆ ಹೆಬ್ಬೆರಳಾಡಿಸಿ, ಇವನ ಹೆಸರು ಬರೆದುಕೊಂಡು ಠಾಣೆಗೆ ಕಳಿಸಿ ಎಂದು ಮೆಲ್ಲಗೆ ಹೇಳಿದರು.

ಹೆಸರು ಬರೆದುಕೊಳ್ಳುವುದೆಂದರೆ ಏನೆಂದು ಶೇಷಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನ ಸೋದರಳಿಯನ ಹೆಸರು ಹಿಂದೊಮ್ಮೆ ಯಾವುದೋ ಗಲಾಟೆಯಲ್ಲಿ ಹೀಗೆಯೇ ಪೊಲೀಸರ ಪುಸ್ತಕಕ್ಕೆ ಹೋಗಿತ್ತು. ಅಂದಿನಿಂದ ಪ್ರತಿ ಚುನಾವಣೆಗೆ, ಪ್ರತಿ ಮೆರವಣಿಗೆಗೆ ಅವನು ಠಾಣೆಯ ಬಾಗಿಲಲ್ಲಿ ಕಾದು ಕೂತು ಸಹಿ ಹಾಕಿ ಬರಬೇಕು. ಸುತ್ತಮುತ್ತ ಏನು ಕಳುವಾದರೂ ಮೊದಲು ಅವನಿಗೇ ಕರೆ. ಅರವತ್ತನಾಲ್ಕು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದೆ ಬಾಳಿದ ಶೇಷಪ್ಪ ಇನ್ನು ಸಾಯುವವರೆಗೆ ಆ ಬಾಗಿಲಲ್ಲಿ ಕೂರಬೇಕಾಗಿತ್ತು. ಅವನು ನನ್ನ ಕಡೆ ನೋಡಿದ.

ನಾನು ಜೀಪಿನಿಂದಿಳಿದು ಮಾತಾಡಿದೆ. ಮಾತಾಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ. ಬೋರರ್ ಹುಳುವಿನ ಜನನ ಮರಣಗಳನ್ನು ವಿವರಿಸಿದೆ, ತೋಟದಲ್ಲಿ ಓಡಾಡುವವರೆಲ್ಲ ಚಾಕು ಇಟ್ಟುಕೊಳ್ಳಲೇಬೇಕಾಗುತ್ತದೆ ಎಂದೆ, ಕೆಳಗಿಟ್ಟದ್ದು ಅವಮಾನಕ್ಕಲ್ಲ, ಪದ್ಧತಿ ಎಂದೆ, ಇವನು ನನ್ನ ಜವಾಬ್ದಾರಿ ಎಂದೆ; ತೂಕ ಬರಲೆಂದು ನಡುನಡುವೆ ಇಂಗ್ಲಿಷು ಬೆರೆಸಿದೆ. ಹೇಳದೆ ಉಳಿದದ್ದು ಒಂದೇ. ನನ್ನ ಬಲತೊಡೆಗೆ ಒತ್ತಿಕೊಂಡು ಅಂಥದೇ ಇನ್ನೊಂದು ಚಾಕು ಇತ್ತು, ಅದನ್ನು ಯಾರೂ ಹುಡುಕಿರಲಿಲ್ಲ, ಹುಡುಕುವ ಯೋಚನೆಯೂ ಅಲ್ಲಿ ಯಾರಿಗೂ ಬಂದಿರಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ಎಲ್ಲವನ್ನೂ ಕೇಳಿಸಿಕೊಂಡು, "ತೋಟದಲ್ಲಿ ಓಡಾಡೋರಿಗೆಲ್ಲ ಬೇಕು ಅಂತೀರಲ್ಲ ಸರ್, ಹಾಗಾದ್ರೆ ನಿಮ್ಮ ಹತ್ರ ಯಾಕಿಲ್ಲ?" ಎಂದರು.

"ನನಗೆ ಅದರ ಅಭ್ಯಾಸ ಇಲ್ಲ" ಎಂದೆ.

ಇಬ್ಬರೂ ಸಿಕ್ಕಿಬಿದ್ದರೆ ಬಿಡಿಸುವವರು ಯಾರು, ಒಬ್ಬನಾದರೂ ಹೊರಗಿರಬೇಡವೇ ಎಂಬ ಘನವಾದ ತರ್ಕವನ್ನು ನಾನು ಆಮೇಲೆ ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕಟ್ಟಿದ್ದು. ಆ ಗಳಿಗೆಯಲ್ಲಿ ತರ್ಕ ಗಿರ್ಕ ಏನೂ ಇರಲಿಲ್ಲ, ಬರೀ ಹೆದರಿಕೆ ಇತ್ತು. ಶೇಷಪ್ಪ ಎರಡಡಿ ದೂರದಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ಅವನು ನನ್ನ ಜೇಬಿನ ಕಡೆ ಒಂದು ಬೆರಳು ತೋರಿಸಿದ್ದರೂ ಸಾಕಿತ್ತು, ಅವನು ಹೇಳಿದ್ದು ನಿಜವೆಂದು ಅಲ್ಲೇ ರುಜುವಾತಾಗುತ್ತಿತ್ತು. ತೋರಿಸಲಿಲ್ಲ. ತಲೆ ತಗ್ಗಿಸಿ ರಸ್ತೆ ನೋಡುತ್ತ ನಿಂತ, ನಾಚಿಕೆಪಡಬೇಕಾದವನು ನಾನಾಗಿದ್ದರೂ.

"ನೋಡಿ, ಓನರಿಗೇ ಅಭ್ಯಾಸ ಇಲ್ವಂತೆ" ಎಂದು ಸಬ್ ಇನ್ಸ್‌ಪೆಕ್ಟರ್ ಪೇದೆಯತ್ತ ತಿರುಗಿದರು. ಪೇದೆ ಮೇಜಿನ ಮೇಲೆ ಪುಸ್ತಕ ತೆರೆದು ಹೆಸರು ಕೇಳಿದ, ಶೇಷಪ್ಪ ಹೇಳಿದ. ತಂದೆಯ ಹೆಸರು ಕೇಳಿದ. ಶೇಷಪ್ಪ ಬಾಯಿ ತೆರೆದ, ಮಾತು ಹೊರಡಲಿಲ್ಲ. ತೀರಿಹೋದ ಅಪ್ಪನ ಹೆಸರನ್ನು ಆ ಪುಸ್ತಕಕ್ಕೆ ಕೊಡುವುದು ಅವನಿಂದ ಆಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಕೈ ಜೇಬಿನೊಳಗಿತ್ತು. ಧೈರ್ಯ ಬಂತೆಂದು ಹೇಳಲಾರೆ, ನೋಡುತ್ತ ನಿಲ್ಲಲಾಗಲಿಲ್ಲ, ಅಷ್ಟೆ. ಚಾಕು ತೆಗೆದು ಪುಸ್ತಕದ ಪಕ್ಕದಲ್ಲಿಟ್ಟು, "ಸುಳ್ಳು ಹೇಳಿದೆ ಸರ್. ನನ್ನ ಹತ್ರಾನೂ ಇದೆ. ಬರೆಯೋದಾದ್ರೆ ನನ್ನ ಹೆಸರನ್ನೂ ಬರೀರಿ" ಎಂದೆ.

ಸಬ್ ಇನ್ಸ್‌ಪೆಕ್ಟರ್ ಅದನ್ನೂ ಬಿಚ್ಚಿ ಮೇಜಿನ ಮೇಲೆ ಶೇಷಪ್ಪನ ಚಾಕುವಿನ ಪಕ್ಕದಲ್ಲಿಟ್ಟರು. ಶೇಷಪ್ಪನದು ಮಸೆದು ಮಸೆದು ಅರ್ಧಕ್ಕರ್ಧ ಸವೆದಿತ್ತು. ನನ್ನದರ ಅಲಗು ಕಮ್ಮಾರ ಕೊಟ್ಟ ದಿನದಷ್ಟೇ ಅಗಲವಾಗಿತ್ತು. ಎರಡರಲ್ಲಿ ಕೆಲಸದ ಚಾಕು ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಎರಡನ್ನೂ ನೋಡಿದರು, ನನ್ನನ್ನು ನೋಡಿದರು, ಹಿಂದೆ ಸಾಲುಗಟ್ಟಿ ನಿಂತು ಹಾರನ್ ಬಾರಿಸುತ್ತಿದ್ದ ಗಾಡಿಗಳನ್ನು ನೋಡಿದರು. ಬರೆದಿದ್ದ ಹೆಸರನ್ನು ಹೊಡೆದುಹಾಕಿಸಿ ಪುಸ್ತಕ ಮುಚ್ಚಿಸಿದರು. ಆಮೇಲೆ ನನ್ನ ಚಾಕುವನ್ನು ಮಡಚಿ, ನನ್ನ ಕೈಯಲ್ಲೇ ಇಟ್ಟು, "ನೀವು ಇಟ್ಕೊಳ್ಳಿ ಸರ್, ಪರವಾಗಿಲ್ಲ" ಎಂದರು. ಶೇಷಪ್ಪನದನ್ನು ಒಂದು ರಟ್ಟಿನ ಡಬ್ಬದೊಳಗೆ ಹಾಕಿ, "ನೀನು ಹೋಗು" ಎಂದರು.

ಜನ ಚಾಕು ನೋಡಿ ಹೆದರುತ್ತಾರೆಂದು ಮೂವತ್ತು ವರ್ಷ ಹೇಳಿಕೊಂಡು ಬಂದವನಿಗೆ ಅದು ಯಾರ ಜೇಬಿನ ಚಾಕು ಎಂಬುದನ್ನು ಅವರು ಮೊದಲು ನೋಡುತ್ತಾರೆಂದು ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು. ಆ ಪೊಲೀಸರನ್ನು ಮಾತ್ರ ದೂರಿ ಏನು ಪ್ರಯೋಜನ? ನನ್ನ ಜೇಬಿಗೆ ಯಾರೂ ಕೈಹಾಕುವುದಿಲ್ಲವೆಂಬ ಸೌಕರ್ಯ ನನಗೆ ಅಭ್ಯಾಸವಾಗಿಹೋಗಿತ್ತು, ಅದನ್ನು ಉಳಿಸಿಕೊಳ್ಳಲು ಶೇಷಪ್ಪನನ್ನು ಬಿಟ್ಟುಕೊಡಲೂ ನಾನು ತಯಾರಾಗಿದ್ದೆ, ಎರಡು ನಿಮಿಷದ ಮಟ್ಟಿಗಾದರೂ.

ಮೂಡಿಗೆರೆ ತಲುಪುವವರೆಗೆ ಶೇಷಪ್ಪ ಪಂಪಿನ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. "ವಾಷರ್ ಎರಡು ತಗೊಳ್ಳೋದು ಒಳ್ಳೇದು ಅಯ್ಯಾ" ಎಂದ. ಕ್ಷಮೆ ಕೇಳಬೇಕೆಂದು ಮೂರು ತಿರುವುಗಳಲ್ಲಿ ವಾಕ್ಯ ಜೋಡಿಸಿಕೊಂಡು ನಾಲ್ಕನೆಯ ತಿರುವಿನಲ್ಲಿ ನಾನು, "ಎರಡು ತಗೊಳ್ಳೋಣ" ಎಂದೆ.

ಹೊಸ ಚಾಕು ಮಾಡಿಸೋಣವೆಂದು ಆಮೇಲೆ ಎರಡು ಸಲ ಹೇಳಿದೆ. "ನೋಡುವಾ ಅಯ್ಯಾ" ಎಂದು ಅವನು ಬೇರೆ ಮಾತಿಗೆ ಹೋದ. ಚುನಾವಣೆ ಮುಗಿದು, ಶಾಮಿಯಾನ ಎದ್ದುಹೋಗಿ, ಮೆಣಸಿನ ಬಳ್ಳಿ ಕಟ್ಟುವ ಕೆಲಸ ಶುರುವಾಯಿತು. ಒಂದು ಬೆಳಿಗ್ಗೆ ನಾನು ತೋಟಕ್ಕೆ ಇಳಿದಾಗ ಶೇಷಪ್ಪ ಸಿಲ್ವರ್ ಮರಕ್ಕೆ ಬಳ್ಳಿ ಬಿಗಿದು, ಹಗ್ಗದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದ. ಆ ವಯಸ್ಸಿನಲ್ಲಿ ಉಳಿದಿರುವ ನಾಲ್ಕಾರು ಹಲ್ಲು. ನನಗೆ ಸಂಕಟವಾಯಿತು. ನನ್ನ ಚಾಕು ತೆಗೆದು ಅವನ ಪಕ್ಕದ ಕಲ್ಲಿನ ಮೇಲಿಟ್ಟು, "ತಗೋ ಮಾರಾಯ, ಇನ್ನು ನಿನ್ನ ಹತ್ರಾನೇ ಇರ್ಲಿ" ಎಂದೆ.

ಶೇಷಪ್ಪ ಕಲ್ಲಿನ ಕಡೆ ನೋಡಿದ. "ನಂಗೆ ಅದ್ರ ಅಭ್ಯಾಸ ಇಲ್ಲ ಅಯ್ಯಾ" ಎಂದು ಹೇಳಿ ಮುಂದಿನ ಬಳ್ಳಿಗೆ ಕೈಹಾಕಿದ.

ಬೇಕೆಂದೇ ಆ ಮಾತು ಹೇಳಿದನೋ, ಅದೇ ಬಾಯಿಗೆ ಬಂತೋ, ಅವನ ಮುಖ ನೋಡಿ ತಿಳಿಯಲಿಲ್ಲ. ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಚಾಕುವನ್ನು ನಾನೇ ಎತ್ತಿಕೊಂಡೆ. ಆ ಸಾಲು ಮುಗಿಯುವವರೆಗೆ ಅವನು ಗಂಟು ಹಾಕುತ್ತ ಮುಂದೆ ಹೋದ, ನಾನು ಹಗ್ಗದ ತುದಿ ಕತ್ತರಿಸುತ್ತ ಹಿಂದೆ ಹೋದೆ. ಈಗ ದಿನವೂ ಹಾಗೆಯೇ ನಡೆಯುತ್ತಿದೆ. ಗಂಟು ಬಿದ್ದ ಕೂಡಲೇ ಶೇಷಪ್ಪ ಮರಗಳ ನಡುವಿನಿಂದ "ಅಯ್ಯಾ" ಎಂದು ಕರೆಯುತ್ತಾನೆ, ನಾನು ಹೋಗುತ್ತೇನೆ.