ದಂಡೆಗೆ ಸಿಕ್ಕ ‘ಉತ್ತಮ’

ಅಂಬಿಗರ ಕಾಕಾ ಶಾಲೆಯ ಮುಂದೆ ಹಾದುಹೋಗುವಾಗ ಅವರ ಬಲಗೈ ಮೊಣಕೈಯ ತನಕ ಬೂದಿ ಬಳಿದಂತೆ ಕಾಣುತ್ತಿತ್ತು. ಭೀಮಾ ನದಿಯ ಹಸಿ ಉಸುಕು ಕೈಗೆ ಹತ್ತಿ ಒಣಗಿದ ಬಣ್ಣವದು. ಬೇಸಿಗೆಯಲ್ಲಿ ಹರಿವು ನಿಂತರೆ ಪ್ರತಿ ಸೋಮವಾರ ದಂಡೆಯಲ್ಲಿ ಒರತೆ ತೋಡಿ, ಎಷ್ಟು ಆಳಕ್ಕೆ ನೀರು ಸಿಕ್ಕಿತೆಂದು ಮೊಳ ಹಾಕಿ ಅಳೆಯುತ್ತಿದ್ದರು. ಅವರಿಗೆ ಓದುಬರಹ ಇರಲಿಲ್ಲ. ಶಾಲೆಯ ಕಿಟಕಿಗೆ ಬಂದು, “ಬರಕೋರಿ ಅಕ್ಕಾರ, ಎರಡು ಮೊಳಾ ನಾಕ ಬಟ್ಟ,” ಎನ್ನುತ್ತಿದ್ದರು. ಅಲ್ಲಿ ಪಾಠ ಹೇಳುವ ನಾನು ಆ ಮೊಳ, ಬೆರಳಿನ ಲೆಕ್ಕ ಬರೆದಿಡುತ್ತಿದ್ದೆ.

ನಾನು ದೇವಣಗಾಂವಕ್ಕೆ ಬಂದಾಗ ಒಂದು ಮೊಳಕ್ಕೇ ನೀರು ಬರುತ್ತಿತ್ತು. ಟಿಪ್ಪರ್‌ಗಳು ಉಸುಕು ಹೊರತೊಡಗಿದ ಮೇಲೆ ಮೂರು ಮೊಳಕ್ಕೆ ಇಳಿಯಿತು. ಆ ದಂಡೆ ಯಾರೊಬ್ಬರದೂ ಅಲ್ಲ. ಬಟ್ಟೆ ಒಗೆಯುವವರು, ಎಮ್ಮೆ ತೊಳೆಯುವವರು, ಬಲೆ ಒಣಹಾಕುವವರು, ಆಚೆ ದಂಡೆಯ ಊರಿನವರು, ಎಲ್ಲರದೂ. ಉಸುಕು ಎತ್ತುವುದು ನಿಲ್ಲಬೇಕು ಎಂಬುದೊಂದೇ ಕಾಕಾನ ಹಟ.

ಒಂದು ದಿನ ತಾಲ್ಲೂಕು ಕಚೇರಿಯಿಂದ ದಂಡೆಯ ಸಮೀಕ್ಷೆ ಬಂತು. ಎಲ್ಲರೂ ಬಳಸುವ ಜಾಗವನ್ನು ಊರು ಮುಂದಿನವರಿಗೂ ಉಳಿಯುವಂತೆ ನೋಡಿಕೊಳ್ಳುತ್ತಿದೆಯೇ ಎಂದು ಅಳೆಯುವ ನಮೂನೆ. ತುಂಬುವ ಕೆಲಸ, ಎಂದಿನಂತೆ, ಶಾಲೆಯ ಅಕ್ಕೋರಿಗೆ, ಅಂದರೆ ನನಗೆ. ಸಮಿತಿ ಇದೆಯೇ? ಸಭೆ ಸೇರುತ್ತದೆಯೇ? ಫಲಕ ಹಾಕಿದೆಯೇ? ಸಸಿ ನೆಟ್ಟಿದೆಯೇ? ಕಾಕಾ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಓದಿಸಿಕೊಂಡರು.

“ನೀರು ಎಷ್ಟ ಕೆಳಗ ಹೋಗೇತಿ ಅಂತ ಎಲ್ಲೂ ಕೇಳಿಲ್ಲೇನ್ರಿ?”

ಕೇಳಿರಲಿಲ್ಲ. ಕಚೇರಿಗೆ ಫೋನು ಮಾಡಿದರೆ, ಹೌದು ಅಥವಾ ಇಲ್ಲ ಅಷ್ಟೇ ಸಾಕು, ಬೇರೇನೂ ಬರೆಯಬೇಡಿ ಎಂದರು.

ಕಾಕಾ ಗೊಣಗುತ್ತ ಎದ್ದು ಹೋದರು. ಸಮಿತಿ ಸೇರಿದ್ದು ಒಮ್ಮೆ, ಸಸಿ ನೆಡುವ ಫೋಟೊಗೆ. ಆ ಸಸಿಗಳನ್ನು ವಾರದೊಳಗೆ ಆಡು ಮೇಯ್ದಿದ್ದವು. ಆದರೆ ‘ಇಲ್ಲ’ ಎಂದು ಬರೆದರೆ ಕಾರಣ ಕೇಳಿ ನಮೂನೆ ವಾಪಸು ಬರುತ್ತದೆ. ಇಷ್ಟು ವರ್ಷದ ನೌಕರಿಯಲ್ಲಿ ಅದನ್ನು ಚೆನ್ನಾಗಿ ಕಲಿತಿದ್ದೆ. ಮಕ್ಕಳಿಗೆ ಊಟ ಬಡಿಸುವ ಹೊತ್ತು ಬೇರೆ. ನಾಲ್ಕಕ್ಕೂ ‘ಹೌದು’ ಎಂದು ಗುರುತು ಹಾಕಿ, ಸಹಿ ಮಾಡಿ ಕಳಿಸಿದೆ.

ದಂಡೆಗೆ ‘ಉತ್ತಮ’ ದರ್ಜೆ ಸಿಕ್ಕಿತು. ಕಾಕಾ ಟಿಪ್ಪರ್ ನಿಲ್ಲಿಸಲು ಅರ್ಜಿ ಹಿಡಿದು ಹೋದಾಗ ಕಚೇರಿಯವರು ಅದೇ ಹಾಳೆ ಮುಂದಿಟ್ಟರಂತೆ: ನಿಮ್ಮ ದಂಡೆಗೆ ಏನೂ ಆಗಿಲ್ಲವಲ್ಲ, ಯಜಮಾನರೇ.

ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬಂದರು. ಚಹಾ ಕೊಟ್ಟೆ.

“ಯಾವ ಕುರುಡ ಬರದಾನೋ ಏನೋ ಅಕ್ಕಾರ. ಒಂದ್ಸಲಾ ಒರತ್ಯಾಗ ಕೈ ಇಳಿಸಿದ್ರ ಹೌದು ಅಂತ ಬರೀತಿದ್ದನೇನ?”

ಇನ್ನೊಂದಿಷ್ಟು ಚಹಾ ಬೇಕೇ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟು, ನನ್ನ ಮುಖ ನೋಡಿ, ಎದ್ದು ಹೋದರು.

ತಪ್ಪು ತಿದ್ದಿಕೊಳ್ಳಿ ಎಂದು ನಾನು ಕಚೇರಿಗೆ ಮೂರು ಪತ್ರ ಬರೆದೆ. ಮುಂದಿನ ಸಮೀಕ್ಷೆಯಲ್ಲಿ ನೋಡೋಣ ಎಂಬ ಉತ್ತರ ಬಂತು. ಟಿಪ್ಪರ್‌ಗಳು ಇಂದಿಗೂ ಇಳಿಯುತ್ತಿವೆ. ಮುಂದಿನ ಸಮೀಕ್ಷೆ ಇನ್ನೂ ಬಂದಿಲ್ಲ. ಕಾಕಾ ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟರು.

ಸಾವಿನ ಮನೆಗೆ ಮಾತಾಡಿಸಲು ಹೋದಾಗ ತಡೆಯಲಾರದೆ ಅವರ ಹೆಂಡತಿಗೆ ಹೇಳಿದೆ, ಆ ‘ಹೌದು’ ನನ್ನದು ಎಂದು. ಆಕೆ ಜೋಳ ಹಸನು ಮಾಡುವುದನ್ನು ನಿಲ್ಲಿಸಲಿಲ್ಲ.

“ಅವರಿಗೆ ಗೊತ್ತಿತ್ರಿ. ಕಚೇರ್ಯಾಗ ನಿಮ್ಮ ಹೆಸರು ಓದಿ ಹೇಳಿದ್ರಂತ. ನೀವಾಗೇ ಬಾಯಿ ಬಿಡ್ತೀರಿ ಅಂತ ಅವತ್ತು ನಿಮ್ಮ ಮನಿಗಿ ಬಂದಿದ್ರು.”