ಎಸಿ ಕೋಣೆಯ ಸೈಕಲ್ಲುಗಳು

ಎದುರುಮನೆ ಮಾಮನ ಉಗುರುಗಳ ಬುಡದಲ್ಲಿ ಬಿಳಿ ಪ್ಲಾಸ್ಟರ್, ತುದಿಯಲ್ಲಿ ಕಪ್ಪು ಎಣ್ಣೆ. ಎಷ್ಟು ತಿಕ್ಕಿ ತೊಳೆದರೂ ಎರಡೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಎರಡರವರೆಗೆ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಕೈಕಾಲು ಮುರಿದುಕೊಂಡವರಿಗೆ ಪ್ಲಾಸ್ಟರ್ ಹಾಕುತ್ತಿದ್ದರು. ಮನೆಗೆ ಬಂದು ಉಂಡು, ಒಂದು ಸಣ್ಣ ನಿದ್ದೆ ತೆಗೆದು, ಸಂಜೆಯೆಲ್ಲ ಸೈಕಲ್ಲುಗಳ ಮುಂದೆ ಕೂತಿರುತ್ತಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ ಮದುವೆಯಾಗಿ ಉಡುಪಿಯಿಂದ ಬಹ್ರೇನಿಗೆ ಬಂದಾಗ, ಹೂರಾದಲ್ಲಿ ನಾವಿದ್ದ ಕಟ್ಟಡದ ನೆಲಮಹಡಿಯಲ್ಲಿ ನನಗೆ ಮೊದಲು ಪರಿಚಯವಾದವರು ಅವರು. ಮಂಗಳೂರು ಕಡೆಯವರು, ಐವತ್ತು ದಾಟಿದವರು. ಅವರ ಫ್ಲ್ಯಾಟಿನಲ್ಲಿ ಎಸಿ ಇದ್ದದ್ದು ಒಂದೇ ಕೋಣೆಗೆ. ಆ ಕೋಣೆಯಲ್ಲಿ ಐದು ಸೈಕಲ್ಲುಗಳಿದ್ದವು. ಮಾಮ ಹಾಲಿನಲ್ಲಿ ಫ್ಯಾನಿನ ಕೆಳಗೆ ಬೆವರುತ್ತಾ ಮಲಗುತ್ತಿದ್ದರು. ಮಾಮಿ ಊರಲ್ಲಿದ್ದರು, ಇಲ್ಲಿದ್ದಿದ್ದರೆ ಈ ವ್ಯವಸ್ಥೆ ಒಂದು ದಿನವೂ ನಡೆಯುತ್ತಿರಲಿಲ್ಲ.

"ಆಗಸ್ಟ್‌ನ ಹವೆಗೆ ನಾನು ಬೆವರ್ತೇನೆ, ಒರೆಸಿಕೊಳ್ತೇನೆ. ಕಬ್ಬಿಣ ಬೆವರಿದ್ರೆ ಅದಕ್ಕೆ ಒರೆಸಿಕೊಳ್ಳಿಕ್ಕೆ ಕೈ ಉಂಟಾ ಮಾರಾಯ್ತಿ?" ಎನ್ನುತ್ತಿದ್ದರು.

ಅವು ನಮ್ಮೂರಿನ ಸೈಕಲ್ಲುಗಳಂತಿರಲಿಲ್ಲ. ದಪ್ಪ ಟೈರು, ಎಮ್ಮೆಯಂಥ ಮೈ, ಮುಂದಿನ ಮಡ್‌ಗಾರ್ಡಿನ ಮೇಲೆ ದೀಪ, ಎರಡು ಕಂಬಿಗಳ ನಡುವೆ ಮೋಟಾರ್ ಬೈಕಿಗಿರುವಂಥ ಸುಳ್ಳು ಟ್ಯಾಂಕು. ಬ್ರೇಕ್ ಬೇಕಾದರೆ ಪೆಡಲನ್ನು ಹಿಂದಕ್ಕೆ ತುಳಿಯಬೇಕು. ಎರಡನೇ ಮಹಾಯುದ್ಧಕ್ಕೂ ಮೊದಲು ಎಣ್ಣೆ ಬಾವಿಯ ಕೆಲಸಕ್ಕೆಂದು ಬಂದು ಅವಾಲಿಯಲ್ಲಿ ಮನೆ ಮಾಡಿದ್ದ ಅಮೆರಿಕನ್ನರು ಹಡಗಿನಲ್ಲಿ ತಂದು, ಹೋಗುವಾಗ ಬಿಟ್ಟುಹೋದವು. ಮಾಮ ಅವನ್ನು ಗುಜರಿಯಿಂದ, ಆಡಿನ ಕೊಟ್ಟಿಗೆಯಿಂದ, ಒಮ್ಮೆ ಖರ್ಜೂರದ ತೋಟದ ಬೇಲಿಯಿಂದ ಬಿಡಿಸಿ ತಂದಿದ್ದರು.

ಅವರ ಕೆಲಸದ ರೀತಿ ವಿಚಿತ್ರ. ಹೊಸ ಬಣ್ಣ ಬಳಿಯುತ್ತಲೇ ಇರಲಿಲ್ಲ. ಯಾರೋ ಮೇಲೆ ಬಳಿದ ಬಾಗಿಲಿನ ಬಣ್ಣವನ್ನು ಹತ್ತಿ, ಹೊಲಿಗೆ ಮೆಷಿನ್ನಿನ ಎಣ್ಣೆ ಮತ್ತು ಉಗುರು ಇಷ್ಟರಿಂದಲೇ ದಿನಕ್ಕೆ ಬೆರಳಗಲ ತೆಗೆಯುತ್ತಿದ್ದರು. ಅಡಿಯಲ್ಲಿ ಕಾರ್ಖಾನೆಯ ಮೂಲ ಬಣ್ಣ ಕಂಡಿತೋ, ಅಲ್ಲಿಗೆ ಕೈ ನಿಲ್ಲುತ್ತಿತ್ತು. ಗೀರು, ತಗ್ಗು, ಸವೆದ ಜಾಗ, ಎಲ್ಲ ಹಾಗೆಯೇ. ಒಂದು ನೋಟ್‌ಪುಸ್ತಕದಲ್ಲಿ ಪ್ರತಿ ಗೀರನ್ನೂ ಕನ್ನಡದಲ್ಲಿ ಬರೆದಿಡುತ್ತಿದ್ದರು.

ಆರನೇ ಸೈಕಲ್ಲು ತಂದವರು ಮುಹರಕ್ಕಿನ ಒಬ್ಬ ಹಾಜಿ. ಹುಡುಗನಾಗಿದ್ದಾಗ ಅವಾಲಿಯ ಒಬ್ಬ ಸಾಹೇಬನ ಮನೆಯಲ್ಲಿ ತೋಟದ ಕೆಲಸಕ್ಕಿದ್ದವರಂತೆ. ಸಾಹೇಬ ಊರಿಗೆ ಹೋಗುವಾಗ ಸೈಕಲ್ಲನ್ನು ಇವರಿಗೆ ಕೊಟ್ಟುಹೋದನಂತೆ. ಈಗ ಮಕ್ಕಳು ಅದಕ್ಕೆ ಚಿನ್ನದ ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸಬೇಕೆಂದು ಹಟ ಹಿಡಿದಿದ್ದರು. ಅದರ ಮುಂಭಾಗದಲ್ಲಿ, ಹ್ಯಾಂಡಲಿನ ಕೆಳಗೆ, ಅಂಗೈಯಷ್ಟು ಹಿತ್ತಾಳೆಯ ಬ್ಯಾಡ್ಜ್. ರೆಕ್ಕೆ ಬಿಚ್ಚಿದ ಹಕ್ಕಿ, ಅದರ ಹಿಂದೆ ನೀಲಿ. ಸಾಹೇಬ ಬರುತ್ತಿದ್ದಾನೆಂದು ಆ ನೀಲಿಯಿಂದಲೇ ದೂರದಿಂದ ಗೊತ್ತಾಗುತ್ತಿತ್ತು ಎಂದು ಹಾಜಿ ಹೇಳುತ್ತಿದ್ದರಂತೆ. ಆರು ತಿಂಗಳು ನೋಡಿಕೋ, ನನ್ನ ಮನಸ್ಸಿಗೆ ಬಂದರೆ ನಿನ್ನ ಬಳಿಯೇ ಇರಲಿ ಎಂದು ಮಾಮನಿಗೆ ಒಪ್ಪಿಸಿಹೋಗಿದ್ದರು. ಅಷ್ಟು ಪೂರ್ತಿಯಾಗಿ ಉಳಿದ ಸೈಕಲ್ಲು ಮಾಮನ ಕೈಗೆ ಸಿಕ್ಕಿದ್ದು ಅದೊಂದೇ. ಅದರ ಎದುರು ಕೂತರೆ ಅವರಿಗೆ ಚಹಾ ಆರಿದ್ದೂ ತಿಳಿಯುತ್ತಿರಲಿಲ್ಲ.

ಆ ವರ್ಷದ ಆಯುಧ ಪೂಜೆಗೆ ಮಾಮನಿಗೆ ಡ್ಯೂಟಿ ಇತ್ತು. ಎಸಿ ನಿಂತರೆ ನೋಡಲೆಂದು ಬೀಗದ ಕೈ ನನ್ನಲ್ಲಿತ್ತು. ನನ್ನ ಗಂಡನ ಕಾರಿಗೆ ಪೂಜೆಯಾಯಿತು, ಮನಾಮದ ದೇವಸ್ಥಾನದ ಗಲ್ಲಿಯಿಂದ ತಂದ ಹೂ ಉಳಿದಿತ್ತು. ಪಾಪ, ಮಾಮನ ಸೈಕಲ್ಲುಗಳಿಗೂ ಹಬ್ಬವಾಗಲಿ ಅನ್ನಿಸಿತು. ಹಾಜಿಯ ಸೈಕಲ್ಲಿನ ಹಿತ್ತಾಳೆ ಮಸಿ ಹಿಡಿದಂತೆ ಕಂಡಿತು. ಹಬ್ಬದ ದಿನ ಹಿತ್ತಾಳೆ ಹಾಗಿರುವುದನ್ನು ನೋಡಿ ಸುಮ್ಮನಿರುವ ಕೈ ನನ್ನದಲ್ಲ. ಹುಣಸೆಹುಳಿಗೆ ಉಪ್ಪು ಬೆರೆಸಿ, ತೆಂಗಿನ ನಾರಿನಿಂದ ಚೆನ್ನಾಗಿ ತಿಕ್ಕಿದೆ. ಹುಳಿ ನೀಲಿಯಾಯಿತು. ಕಿಲುಬು ಬಿಡುತ್ತಿದೆ ಎಂದು ಸಂತೋಷಪಟ್ಟು ಇನ್ನಷ್ಟು ತಿಕ್ಕಿದೆ. ಹಕ್ಕಿ ದೇವರ ಮನೆಯ ದೀಪದಂತೆ ಹೊಳೆಯಿತು. ಸೀಟಿನ ಕೆಳಗೆ ಕುಂಕುಮ ಹಚ್ಚಿ, ಹೂ ಇಟ್ಟು ಬಂದೆ.

ಮಾಮ ಮೂರು ಗಂಟೆಗೆ ಬಂದರು. ಬ್ಯಾಡ್ಜ್ ನೋಡಿದರು. ಸ್ಟೂಲಿನ ಮೇಲೆ ಕೂತರು.

"ಹುಳಿ ಹಾಕಿದ್ದಾ?"

"ಹೌದು ಮಾಮ. ದೀಪಕ್ಕೆ ಹಾಕುವ ಹಾಗೆ."

"ದೀಪ ಆಗಿದ್ರೆ ಭಾರೀ ಚಂದ ಆಗ್ತಿತ್ತು," ಎಂದರು. ಹಕ್ಕಿಯ ಹಿಂದೆ ಬೆರಳಿಟ್ಟು, "ಅದು ಕಿಲುಬು ಅಲ್ಲ ಮಗಾ. ಬಣ್ಣ."

ಮುಂದಿನ ಶುಕ್ರವಾರ ಹಾಜಿ ಬರುವವರಿದ್ದರು. ಹೂರಾದಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್ ಒಬ್ಬನಿದ್ದಾನೆ, ಅದೇ ನೀಲಿ ತುಂಬಿಕೊಡುತ್ತಾನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನನ್ನ ಗಂಡ ಹೇಳಿದ. ಮಾಮ ಬೇಡವೆಂದು ತಲೆಯಾಡಿಸಿದರು.

"ಪ್ಲಾಸ್ಟರ್ ಒಳಗೆ ಎಂತ ಉಂಟು ಅಂತ ಹೊರಗಿಂದ ಕಾಣುದಿಲ್ಲ. ಅದಕ್ಕೇ ಅಲ್ವಾ ಹಾಕುವವ ಸರಿ ಇರ್ಬೇಕಾದ್ದು?"

ಶುಕ್ರವಾರ ಹಾಜಿ ಬಂದರು. ನಾನು ಮಾಮನ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದೆ. ಮಾಮ ತಮ್ಮ ಹಿಂದಿಯಲ್ಲಿ, ನಮ್ಮ ಮನೆಯಲ್ಲಿ ಹಬ್ಬವಿತ್ತು, ನಮ್ಮ ಕೈಯಿಂದ ತಪ್ಪಾಯಿತು ಎಂದರು.

"ಕಿಸ್‌ಕಾ ಹಾಥ್?" ಯಾರ ಕೈ ಎಂದು ಹಾಜಿ ಕೇಳಿದರು.

"ಹಮಾರಾ," ನಮ್ಮದು, ಅಂದರು ಮಾಮ.

ನಾನು ಟ್ರೇ ಹಿಡಿದು ಬಾಗಿಲ ಹಿಂದೆಯೇ ನಿಂತಿದ್ದೆ. ನನ್ನ ಕೈ ಎಂದು ಹೇಳಲು ಎರಡು ಹೆಜ್ಜೆ ಸಾಕಿತ್ತು. ಇಡಲಿಲ್ಲ. ಹಾಜಿ ತುಂಬ ಹೊತ್ತು ಹಕ್ಕಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ "ಖಲಾಸ್" ಎಂದು ಎದ್ದರು. ಸಂಜೆ ಪಿಕಪ್ ಬಂದು ಸೈಕಲ್ಲನ್ನು ಒಯ್ದಿತು. ಮಾಮ ಹಳೇ ಲುಂಗಿಯಲ್ಲಿ ಅದನ್ನು ಸುತ್ತಿ, ಹಗ್ಗ ತಾಗುವ ಕಡೆಗೆಲ್ಲ ಹತ್ತಿ ಇಟ್ಟು, ತಾವೇ ಕಟ್ಟಿಕೊಟ್ಟರು.

ಎಂಟು ದಿನ ನಾನು ಮಾಮನಿಗೆ ಮುಖ ತೋರಿಸಲಿಲ್ಲ. ಒಂಬತ್ತನೇ ದಿನ ಅವರೇ ಬಾಗಿಲು ತಟ್ಟಿದರು. ಕೈಯಲ್ಲಿ ಇನ್ನೊಂದು ಸೈಕಲ್ಲಿನ ಬ್ಯಾಡ್ಜ್, ಹತ್ತಿ, ಎಣ್ಣೆ. "ಇದನ್ನು ನೀನು ಮಾಡು. ಇಷ್ಟು ಹೆದರಿದ ಕೈ ಇಡೀ ಬಹ್ರೇನಿನಲ್ಲಿ ಬೇರೆ ಸಿಗ್ಲಿಕ್ಕಿಲ್ಲ."

ಆ ಹಿತ್ತಾಳೆಗೆ ನನಗೆ ನಾಲ್ಕು ತಿಂಗಳು ಹಿಡಿಯಿತು. ತಪ್ಪು ಮಾಡಿದವರ ಕೈಗೇ ಕೆಲಸ ಕೊಡುವಷ್ಟು ದೊಡ್ಡ ಮನಸ್ಸಿನವರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ದಶಕದ ಕೊನೆಯಲ್ಲಿ ಮಾಮ ನಿವೃತ್ತರಾದರು. ವೀಸಾ ಮುಗಿಯುತ್ತದೆ, ಐದು ಸೈಕಲ್ಲುಗಳನ್ನು ಎಲ್ಲಿ ಬಿಡುವುದು? ಕೇಳಿದವರೆಲ್ಲ ಹೊಸ ಬಣ್ಣ ಬಳಿಯುವವರೇ. ಕೊನೆಗೆ ಅವರು ಹೋದದ್ದು ಹಾಜಿಯ ಮನೆಗೆ. ಹಾಜಿಗೆ ಎಲ್ಲ ನೆನಪಿತ್ತು. ತಪ್ಪನ್ನು ಮುಚ್ಚಿಡದವನ ಸೈಕಲ್ಲುಗಳಾದರೆ ತರಲಿ, ಜೊತೆಗೆ ಆ ಪುಸ್ತಕವೂ ಬರಲಿ, ನನ್ನ ಮಗ ಓದುವಂತೆ ಇಂಗ್ಲಿಷಿನಲ್ಲಿರಲಿ ಎಂದರಂತೆ.

ಇಂಗ್ಲಿಷಿಗೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಗೀರು, ತಗ್ಗು, ತುಕ್ಕು ಎನ್ನುತ್ತಾ ಬರೆದುಕೊಂಡು ಹೋದವಳಿಗೆ ಆರನೇ ಸೈಕಲ್ಲಿನ ಪುಟ ಸಿಕ್ಕಿತು. ಅದು ಹೋದ ಮೇಲೂ ಮಾಮ ಪುಟ ಹರಿದಿರಲಿಲ್ಲ. ಕೊನೆಯಲ್ಲಿ ಹೀಗಿತ್ತು: "ಬ್ಯಾಡ್ಜಿನ ನೀಲಿ ಬಣ್ಣ ಹಬ್ಬದ ದಿನ ನಮ್ಮ ಕೈಯಿಂದ ಹೋಯಿತು. ಸೀಟಿನ ಕೆಳಗೆ ಕುಂಕುಮ ಉಂಟು. ಅದೂ ಸೈಕಲ್ಲಿನದ್ದೇ. ಒರೆಸಬಾರದು."

ನಾನು ಅತ್ತೆ. ಆಮೇಲೆ ಇಂಗ್ಲಿಷಿನಲ್ಲಿ, ನಮ್ಮ ಕೈ ಇದ್ದಲ್ಲಿ ನನ್ನ ಪೂರ್ತಿ ಹೆಸರು ಬರೆದೆ.

ಮಾಮ ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು. "ಹಾಜಿಯ ಮಗ ಓದ್ತಾನೆ, ಗೊತ್ತುಂಟಲ್ಲ?" ಎಂದರು.

"ಓದ್ಲಿ ಮಾಮ."

ಅವರು ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ಊರಿಗೆ ಹೋಗಿ ಎರಡು ವರ್ಷಕ್ಕೆ ತೀರಿಕೊಂಡರೆಂದು ಮಾಮಿ ಫೋನಿನಲ್ಲಿ ಹೇಳಿದರು. ಉಗುರಿನ ಕಪ್ಪು ಕೊನೆಯವರೆಗೂ ಹೋಗಿರಲಿಲ್ಲವಂತೆ. ಕೊನೆಯ ಸ್ನಾನ ಮಾಡಿಸುವಾಗ ಯಾರೋ ಅದನ್ನು ತಿಕ್ಕಲು ಹೋದದ್ದಕ್ಕೆ ಮಾಮಿಯೇ ಬೇಡ ಎಂದರಂತೆ.